ಭಾಲ್ಕಿಯ ಅಂಬಾಸಿಡರ್ ಮೊಂಡು ಹಿಡಿದಾಗ...

ಸಿನಿಮಾದಲ್ಲಿ ಕಾರು ಕೆಟ್ಟರೆ ಎಷ್ಟು ಚೆಂದ ಅಲ್ಲವೇ, ಗೆಳೆಯರೇ? ರಾತ್ರಿ ಹೊತ್ತು, ಸುರಿಯುವ ಮಳೆ, ಒಂಟಿಯಾಗಿ ನಿಂತ ನಾಯಕಿ. ನಾಯಕ ಬರುತ್ತಾನೆ, ಬಾನೆಟ್ ಎತ್ತುತ್ತಾನೆ, ಯಾವುದೋ ಒಂದು ವೈರು ಎಳೆದು ಕಟ್ಟುತ್ತಾನೆ. ಗಾಡಿ ಝುಂ ಅನ್ನುತ್ತದೆ, ಬೆನ್ನಿಗೇ ಒಂದು ಹಾಡು! 1958ರ ಹಿಂದಿ ಚಿತ್ರ ‘ಚಲ್ತಿ ಕಾ ನಾಮ್ ಗಾಡಿ’ಯಲ್ಲಿ ಮಧುಬಾಲಾಳ ಕಾರು ಕೆಟ್ಟು, ಆಕೆ ಕಿಶೋರ್ ಕುಮಾರನ ಗ್ಯಾರೇಜಿಗೆ ಬರದೇ ಹೋಗಿದ್ದರೆ ಆ ಕಥೆಯೇ ಹುಟ್ಟುತ್ತಿರಲಿಲ್ಲ. ನಮ್ಮ ಶಂಕರನಾಗ್ ಅಂತೂ 1980ರಲ್ಲಿ ಕಾರು ಕಳ್ಳರ ಕಥೆಯನ್ನೇ ತೆಗೆದುಕೊಂಡು ‘ಮಿಂಚಿನ ಓಟ’ ಮಾಡಿದರು.

ಬೀದರ್ ಜಿಲ್ಲೆಯಲ್ಲಿ ನಾನು ನೋಡಿದ ಕಾರಿನ ಕಥೆ ಬೇರೆ. ಅದರಲ್ಲಿ ಮಿಂಚು ಇತ್ತು, ಓಟ ಇರಲಿಲ್ಲ! ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಬೇರಿಂಗ್, ಉಜ್ಜಿ ಕೂಡಿಸಿದ ವಾಲ್ವ್. ಇಂಜಿನ್ ಮದುಮಗಳ ಹಾಗೆ ಸಿಂಗಾರಗೊಂಡು ಕೂತಿತ್ತು. ಆದರೆ ಮೂರು ವಾರದಿಂದ ಕೆಮ್ಮುತ್ತಿತ್ತೇ ಹೊರತು ಒಂದು ದಿನವೂ ಬಾಯಿಬಿಟ್ಟು ಮಾತಾಡಿರಲಿಲ್ಲ. ಯಾಕೆ? ಅದನ್ನೇ ಹೇಳ್ತೀನಿ, ಕೇಳಿ.

ಕಿರೀಟದ ಊರು

ಕರ್ನಾಟಕದ ನಕಾಶೆ ಬಿಚ್ಚಿ ನೋಡಿ. ತುತ್ತತುದಿಯಲ್ಲಿ, ತಲೆಯ ಮೇಲಿಟ್ಟ ಕಿರೀಟದ ಹಾಗೆ ಕೂತಿರುವುದೇ ಬೀದರ್. ಬೆಂಗಳೂರಿನಿಂದ ಏಳುನೂರು ಕಿಲೋಮೀಟರಿನ ಆಸುಪಾಸು. ಹೈದರಾಬಾದಿಗಾದರೆ ನೂರೈವತ್ತರ ಒಳಗೇ. 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದ ಸೀಮೆ. ಹಾಗಾಗಿ ಇಲ್ಲಿಯ ಒಂದೇ ಚಹಾದಂಗಡಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಸಿನಿಮಾ ಹುಚ್ಚಿಗೂ ಇಲ್ಲಿ ಭಾಷೆಯ ಗಡಿ ಇಲ್ಲ.

ನಾನು ಹೋದದ್ದು ಹಳೆ ಅಂಬಾಸಿಡರ್ ಹುಡುಕಿಕೊಂಡು. ಎಪ್ಪತ್ತು ಎಂಬತ್ತರ ದಶಕದ ಕಥೆ ಚಿತ್ರ ಮಾಡುವವರಿಗೆ ಆ ಕಾಲದ ಕಾರು ಬೇಕೇ ಬೇಕು. ಈಗ ಮದುವೆಯವರಿಗೂ ಅದೇ ಹುಚ್ಚು. ಹೂವಿನ ಸರ ಇಳಿಬಿಟ್ಟ ಅಂಬಾಸಿಡರಿನಿಂದ ಮದುಮಗಳು ಇಳಿದರೆ ಫೋಟೋ ಚೆನ್ನಾಗಿ ಬರುತ್ತದಂತೆ. ಆದರೆ ಗಾಡಿ ಎಲ್ಲಿಂದ ತರೋದು? ಪಶ್ಚಿಮ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿತು. ಇನ್ನೇನಿದ್ದರೂ ಇರುವುದನ್ನೇ ರಿಪೇರಿ ಮಾಡಿ ಓಡಿಸಬೇಕು.

ಭಾಲ್ಕಿಯಲ್ಲಿ ಅಂಥದೊಂದು ಗಾಡಿ ಇದೆ ಎಂದು ತಿಳಿದು ಮಾಲೀಕರಿಗೆ ಫೋನು ಮಾಡಿದೆ. ಅರವತ್ತು ದಾಟಿದ ಹಿರಿಯರು, ಊರಿಗೆಲ್ಲ ಕಾಕಾ. “ಬರ್ರಿ, ಫೋಟೋ ಬೇಕಾದ್ರ ತಗೀರಿ. ಆದ್ರ ಗಾಡಿ ಚಾಲೂ ಆಗವಲ್ದು” ಅಂದರು. ಶುಕ್ರವಾರ ಮುಂಜಾನೆ ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವರೇ ನಿಂತಿದ್ದರು. ನನ್ನನ್ನು ಕರೆದೊಯ್ಯಲು ಮಾತ್ರ ಬಂದಿರಲಿಲ್ಲ. ಒಬ್ಬ ಉಸ್ತಾದರನ್ನು ಭಾಲ್ಕಿಗೆ ಕರಕೊಂಡು ಹೋಗಲಿಕ್ಕೆ ಬಂದಿದ್ದರು.

ಚಹಾ ಕುಡಿಯುತ್ತಾ ಕಾಕಾ ತಮ್ಮ ಸಂಕಟ ಬಿಚ್ಚಿಟ್ಟರು. 1978ರ ಮಾರ್ಕ್ 3 ಪೆಟ್ರೋಲ್ ಗಾಡಿ. ಇಪ್ಪತ್ತೈದು ವರ್ಷ ಭಾಲ್ಕಿ, ಬೀದರ್, ಉದಗೀರ್ ಅಂತ ಬಾಡಿಗೆ ಹೊಡೆದು ಮನೆ ನಡೆಸಿದ್ದು ಅದೇ. ಹೊಗೆ ಉಗುಳಲು ಶುರುವಾದಾಗ ಅರವತ್ತು ಸಾವಿರ ಸಾಲ ಮಾಡಿ, ಪಕ್ಕದ ಜಿಲ್ಲೆಯ ಒಂದು ವರ್ಕ್‌ಶಾಪಿನಲ್ಲಿ ಇಂಜಿನ್ ಪೂರ್ತಿ ಬಿಚ್ಚಿಸಿ ಕಟ್ಟಿಸಿದರು. ಇಂಜಿನ್ ಟೆಂಪೋದಲ್ಲಿ ಬಂತು, ಗಾಡಿಗೆ ಕೂತಿತು, ಚಾಲೂ ಮಾತ್ರ ಆಗಲಿಲ್ಲ. ವರ್ಕ್‌ಶಾಪಿನವರು, “ಮತ್ತೆ ಕಳಿಸಿ, ಹೆಡ್ ಬಿಚ್ಚಿ ನೋಡಬೇಕು, ಖರ್ಚು ಬೇರೆ” ಅಂದರು. ಅಷ್ಟರಲ್ಲಿ ಒಬ್ಬ ಗುಜರಿ ವ್ಯಾಪಾರಿ ಮೂಸಿ ನೋಡಿ ಹೋದ. ಇದ್ದ ಹಾಗೇ ಕೊಟ್ಟರೆ ನಲವತ್ತು ಸಾವಿರ, ಸೋಮವಾರದೊಳಗೆ ಹೇಳಬೇಕು!

ಇದರ ಮೇಲೆ ಭಾನುವಾರ ಔರಾದಿನಲ್ಲಿ ಕಾಕಾರ ತಂಗಿಯ ಮಗಳ ಮದುವೆ. ಆ ಹುಡುಗಿ ಚಿಕ್ಕವಳಿದ್ದಾಗ ಸೋದರಮಾವನ ಗಾಡಿಯ ಮುಂದಿನ ಸೀಟಿನಲ್ಲೇ ಬೆಳೆದವಳು. “ಮಾಮಾ, ನಾ ಮಂಟಪಕ್ಕ ಬರೋದು ನಿಮ್ಮ ಗಾಡಿಯಾಗೇ” ಎಂದು ಮಾತು ತಗೊಂಡಿದ್ದಾಳಂತೆ. “ಐತವಾರ ಗಾಡಿ ಔರಾದಿಗಿ ಹೋಗಲಿಲ್ಲಂದ್ರ ಸೋಮವಾರ ಗುಜರಿಗಿ ಹೋಗ್ತದ ನೋಡು ತಮ್ಮಾ” ಅಂದು ಕಾಕಾ ಕಪ್ಪು ಕೆಳಗಿಟ್ಟರು.

ಗುಮಾನಿ ಮೇಲೆ ತಲೆ ತೆಗೆದವರು

ಹಳೆ ಊರಿನೊಳಗೆ, ಚೌಬಾರಾದ ದುಂಡನೆಯ ಎತ್ತರದ ಬುರುಜು ದಾಟಿ ಕೋಟೆಯ ಕಡೆ ನಡೆದರೆ ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿದ ಮೂರಂತಸ್ತಿನ ವಿದ್ಯಾಲಯ. ಇದ್ದ ಎರಡು ಮಿನಾರಿನಲ್ಲಿ ಈಗ ನಿಂತಿರುವುದು ಒಂದೇ. ಆದರೂ ಅದರ ಮೇಲೆ ಅಲ್ಲಲ್ಲಿ ಉಳಿದ ನೀಲಿ ಹೆಂಚಿನ ಚಿತ್ತಾರ ಬಿಸಿಲಿಗೆ ಹೊಳೆಯುವುದನ್ನು ನೋಡಿಯೇ ತೀರಬೇಕು!

ಆ ಹತ್ತಿರದ ಒಂದು ಗಲ್ಲಿಯಲ್ಲಿ ಉಸ್ತಾದರ ಗ್ಯಾರೇಜು. ಎಪ್ಪತ್ತರ ಹತ್ತಿರದ ಮನುಷ್ಯ, ಬಿಳಿ ಗಡ್ಡ, ಉಗುರಿನ ಸಂದಿಯಲ್ಲಿ ಐವತ್ತು ವರ್ಷದ ಗ್ರೀಸು. ಕಾಕಾ ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ‘ಹೆಡ್ ಬಿಚ್ಚಬೇಕಂತೆ’ ಎಂಬ ಮಾತು ಬಂದಾಗ ಮಾತ್ರ ಕಣ್ಣು ತೆರೆದರು.

“ತಮ್ಮಾ, ಹೊರಗ ಮದರಸಾ ನೋಡಿದಿ? ಕಟ್ಟಿಸಿದವರಿಗಿ ಏನಾಯ್ತು ಗೊತ್ತದ?”

ಗೊತ್ತಿತ್ತು. ಇರಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಗವಾನ್. ಅವನ ಏಳಿಗೆ ಸಹಿಸದವರು ಅವನ ಮೊಹರು ಬಿದ್ದ ಖಾಲಿ ಕಾಗದ ಸಂಪಾದಿಸಿ, ಒರಿಸ್ಸಾದ ರಾಜನಿಗೆ ದಂಡೆತ್ತಿ ಬಾ ಎಂದು ಕರೆದಂತೆ ಸುಳ್ಳು ಪತ್ರ ಬರೆದರು. ಕುಡಿದ ಅಮಲಿನಲ್ಲಿದ್ದ ಮೂರನೇ ಮುಹಮ್ಮದ್ ಷಾ ವಿಚಾರಣೆ ಮಾಡಲಿಲ್ಲ. 1481ರಲ್ಲಿ ಗವಾನನ ತಲೆ ಹೋಯಿತು. ನಿಜ ತಿಳಿದು ಪರಿತಪಿಸಿದ ಸುಲ್ತಾನ ಮರುವರ್ಷವೇ ಸತ್ತ. ಬಹಮನಿ ರಾಜ್ಯವೂ ಆಮೇಲೆ ಹೋಳು ಹೋಳಾಯಿತು.

“ಗುಮಾನಿ ಮ್ಯಾಲ ತಲಿ ತೆಗದ್ರು. ಆಮ್ಯಾಲ ಅತ್ರ ತಲಿ ಮತ್ತ ಕೂಡತದೇನು? ಇಂಜಿನ್ನಿಂದೂ ಹಂಗೇ. ಗುಮಾನಿ ಮ್ಯಾಲ ಹೆಡ್ ಬಿಚ್ಚಬಾರ್ದು. ಮೊದಲ ಗವಾಹಿ ಬೇಕು, ಸಾಕ್ಷಿ!” ಅನ್ನುತ್ತಾ ಉಸ್ತಾದರು ಹಳೆ ಬಟ್ಟೆಯಲ್ಲಿ ಸುತ್ತಿದ ಒಂದು ಗೇಜು, ನಾಲ್ಕು ಪಾನಾ, ಒಂದು ಪ್ಲಗ್ ಪಾನಾ ಚೀಲಕ್ಕೆ ಹಾಕಿದರು. ಮೂವರೂ ಭಾಲ್ಕಿ ಬಸ್ ಹತ್ತಿದೆವು.

ಹೊರಗೆ ಉರ್ದು, ಒಳಗೆ ಕನ್ನಡ

ಬೀದರಿನಿಂದ ಭಾಲ್ಕಿಗೆ ನಲವತ್ತು ಕಿಲೋಮೀಟರಿನ ಸುಮಾರು. ಬೀದರ್ ಊರು ಇರುವುದು ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಬಸ್ಸು ಹಾಲಬರ್ಗಾ ಕಡೆ ಇಳಿಯುತ್ತಾ ಹೋದಂತೆ ನೆಲದ ಬಣ್ಣ ಕಪ್ಪಾಗುತ್ತದೆ. ವೈಶಾಖದ ಬಿಸಿಲಿಗೆ ಎರೆನೆಲ ಅಂಗೈ ಹೋಗುವಷ್ಟು ಬಿರಿದಿತ್ತು.

ಭಾಲ್ಕಿ ಅಂದರೆ ಹಿರೇಮಠ. ನಿಜಾಮರ ಕಾಲದಲ್ಲಿ ಇಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿತ್ತು. ಮಠದ ಡಾ. ಚನ್ನಬಸವ ಪಟ್ಟದ್ದೇವರು ಏನು ಮಾಡಿದರು ಗೊತ್ತೇ? ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಹೇಳಿಕೊಟ್ಟರು! ಇವತ್ತು ಭಾಲ್ಕಿಯ ಹುಡುಗರು ಕನ್ನಡ ಸಿನಿಮಾ ಪೋಸ್ಟರ್ ಓದುತ್ತಾರೆ ಅಂದರೆ ಅದರ ಹಿಂದೆ ಅಂಥವರ ಋಣ ಇದೆ.

ಕಾಕಾರ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ನಮ್ಮ ನಾಯಕ ನಿಂತಿದ್ದ. ಹಾಲುಬಿಳುಪಿನ ಮೈ, ದುಂಡು ದೀಪ. ಬಾನೆಟ್ ತೆರೆದರೆ ಹೊಸದಾಗಿ ಬಣ್ಣ ಬಳಿದ 1489 ಸಿ.ಸಿ. ಇಂಜಿನ್. ಮೂಲ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯದು. ಐವತ್ತರ ದಶಕದ ಎಂ.ಜಿ.ಎ. ಸ್ಪೋರ್ಟ್ಸ್ ಕಾರಿನ ಹೊಟ್ಟೆಯಲ್ಲೂ ಇದೇ ವಂಶದ ಇಂಜಿನ್ ಇತ್ತು ಅಂದರೆ ನಂಬುತ್ತೀರಾ? ನಮ್ಮ ಅಂಬಾಸಿಡರ್ ಸಾಮಾನ್ಯ ಮನೆತನದ್ದಲ್ಲ, ಸ್ವಾಮಿ!

ಪಕ್ಕದಲ್ಲೊಬ್ಬ ಹುಡುಗ, ಇಪ್ಪತ್ತರ ಒಳಗಿನವನು. ಊರಿನಲ್ಲೇ ಬೈಕ್ ಗ್ಯಾರೇಜು ಇಟ್ಟವನು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮೂರು ವಾರದಲ್ಲಿ ಎರಡು ಸೆಟ್ ಪ್ಲಗ್, ಒಂದು ಕಾಯಿಲ್, ಒಂದು ಬ್ಯಾಟರಿ ಬದಲಾಯಿಸಿದ್ದ. ಕಾರ್ಬೊರೇಟರ್ ಐದು ಸಲ ತೊಳೆದಿದ್ದ. ಉಸ್ತಾದರು ಬೈಯಲಿಲ್ಲ. “ಇದೆಲ್ಲಾ ಬದಲಿ ಮಾಡೂಕಿಂತ ಮೊದಲ ಕೆಟ್ಟದ ಅಂತ ಯಾರು ಹೇಳಿದ್ರು ಬೇಟಾ?” ಎಂದು ಕೇಳಿದರು, ಅಷ್ಟೆ. ಹುಡುಗ ತಲೆ ಕೆರೆದುಕೊಂಡ.

ನಾಲ್ಕು ಸಾಕ್ಷಿ

“ಇಂಜಿನ್ನಿಗಿ ನಾಕೇ ನಾಕು ಬೇಕು. ಹವಾ, ಪೆಟ್ರೋಲು, ದಮ್ಮು, ಕರೆಂಟು. ಒಂದೊಂದ ಕೇಳಮು.”

ದಮ್ಮು ಅಂದರೆ ಕಂಪ್ರೆಷನ್, ಕರೆಂಟು ಅಂದರೆ ಪ್ಲಗ್ಗಿನ ಕಿಡಿ. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಇಂಜಿನ್ ಪಾಠ ಇಷ್ಟು ಸಲೀಸಾಗಿ ಯಾವ ಮೇಷ್ಟರೂ ಹೇಳಿರಲಿಲ್ಲ.

ಮೊದಲು ಆಯಿಲ್, ನೀರು ನೋಡಿದರು. ಹೊಸ ಇಂಜಿನ್ನನ್ನು ಒಣಗಿಸಿ ತಿರುಗಿಸಿದರೆ ಬೇರಿಂಗ್ ತಿಂದು ಹಾಕುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರು ತೆಗೆದಿಟ್ಟು, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಸಿದರು. ಬ್ಯಾಟರಿಯ ಅರ್ಥ್ ಪಟ್ಟಿಯ ಕೆಳಗೆ ಹೊಸ ಬಣ್ಣ ಕೂತಿತ್ತು. ಬಣ್ಣ ಕರೆಂಟನ್ನು ತಡೆಯುತ್ತದೆ. ಕೆರೆದು ಬಿಗಿದರು. ಸೆಲ್ಫ್ ಇನ್ನಷ್ಟು ಜೋರಾಗಿ ತಿರುಗಿತು. ಆದರೆ ರೋಗ ಅದಲ್ಲ.

ಹವಾ: ಏರ್ ಫಿಲ್ಟರ್ ತೆಗೆದು ಚೋಕ್ ಮುಚ್ಚಿ ತೆರೆದು ನೋಡಿದರು. ಸರಿ ಇದೆ.

ಪೆಟ್ರೋಲು: ಕಾಕಾರ ಕೈಯ ಬೀಡಿ ಕಿತ್ತು ಬೀದಿಗೆ ಎಸೆಸಿ, ಕಾರ್ಬೊರೇಟರಿಗೆ ಹೋಗುವ ಪೈಪು ಕಳಚಿ ಬಾಟಲಿಯಲ್ಲಿ ಹಿಡಿದರು. ಸೆಲ್ಫ್ ಹೊಡೆದಾಗ ಪೆಟ್ರೋಲು ಚಿಮ್ಮಿ ಚಿಮ್ಮಿ ಬಂತು. ಸರಿ ಇದೆ.

ದಮ್ಮು: ಇಲ್ಲೇ ನಮ್ಮೆಲ್ಲರ ಎದೆ ಡವಡವ! ಇದು ಇಲ್ಲವೆಂದರೆ ಹೆಡ್ ಬಿಚ್ಚಲೇಬೇಕು, ಕಾಕಾರ ಕಥೆ ಮುಗಿದಂತೆ. ಉಸ್ತಾದರು ಬಟ್ಟೆ ಬಿಚ್ಚಿ ಗೇಜು ತೆಗೆದರು. ಆಕ್ಸಿಲರೇಟರ್ ಪೂರ್ತಿ ತುಳಿಸಿ, ಒಂದೊಂದೇ ಪ್ಲಗ್ಗಿನ ತೂತಿಗೆ ಹಿಡಿದು ಸೆಲ್ಫ್ ಹೊಡೆಸಿದರು. ಮುಳ್ಳು ನಾಲ್ಕು ಸಲವೂ ನೂರಹತ್ತು ಪೌಂಡಿನ ಆಸುಪಾಸು ಬಂದು ನಿಂತಿತು. ಒಂದಕ್ಕೊಂದು ಹೆಚ್ಚು ಕಡಿಮೆ ಇಲ್ಲ.

“ಅಲ್ಲಾ ಕಾ ಶುಕ್ರ್! ನಾಕೂ ಒಂದೇ ಸಮ ಅವ. ರಿಂಗ್ ಹೊಸಾವು, ಇನ್ನ ಕೂಡಬೇಕು. ಓಡಿದಂಗ ಇನ್ನೂ ಏರ್ತದ. ಪಿಸ್ಟನ್ನೂ ಛಲೋ, ವಾಲ್ವೂ ಛಲೋ. ಕಟ್ಟಿದವ್ರು ಕೆಲಸ ಚೊಕ್ಕ ಮಾಡ್ಯಾರ. ಹೆಡ್ಡಿನ ಮಾತ ಇಲ್ಲಿಗಿ ಮುಗೀತು!”

ಕಾಕಾ ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರೋ ಕಣ್ಣೀರೋ, ನಾನು ಕೇಳಲಿಲ್ಲ.

ಕರೆಂಟು: ಪೆಟ್ರೋಲ್ ಪೈಪು ಮತ್ತೆ ಬಿಗಿದು, ಚೆಲ್ಲಿದ್ದನ್ನು ಒರೆಸಿ ಆರಲು ಬಿಟ್ಟು, ಆಮೇಲೆ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಪ್ಲಗ್ ತೂತಿನಿಂದ ದೂರ, ಇಂಜಿನ್ ಮೈಗೆ ಒರಗಿಸಿದರು. ಚಟ್ ಚಟ್ ಎಂದು ನೀಲಿ ಕಿಡಿ. ಡೆಲ್ಕೋ ಮುಚ್ಚಳ ತೆಗೆದು ಪಾಯಿಂಟಿನ ಸಂದಿಗೆ ಫೀಲರ್ ಎಲೆ ಹಾಕಿದರು. ಇಂಚಿನ ಸಾವಿರದಲ್ಲಿ 15 ಭಾಗ, ಎಷ್ಟಿರಬೇಕೋ ಅಷ್ಟೇ.

ಹವಾ ಇದೆ, ಪೆಟ್ರೋಲಿದೆ, ದಮ್ಮಿದೆ, ಕರೆಂಟಿದೆ. ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ... ಖೊಳ್, ಖೊಳ್, ಫಟ್! ಕಾರ್ಬೊರೇಟರಿನ ಬಾಯಿಯಿಂದ ಒಂದು ಕೆಮ್ಮು, ಒಂದಿಷ್ಟು ಹೊಗೆ. ಮತ್ತೆ ಮೌನ. ಹುಡುಗ ನನ್ನ ಮುಖ ನೋಡಿದ, ನಾನು ಕಾಕಾರ ಮುಖ ನೋಡಿದೆ. ಉಸ್ತಾದರು ಮಾತ್ರ ನಕ್ಕರು!

“ಕೆಮ್ಮಿತಲ್ಲ, ಅದೇ ಐದನೇ ಸಾಕ್ಷಿ. ಎಲ್ಲಾ ಬಂದಾರ, ಆದ್ರ ಟೈಮಿಗಿ ಬಂದಿಲ್ಲ.”

ಹೆಬ್ಬೆರಳಿನ ತೀರ್ಪು

ಬೀದರಿನ ಬಿದ್ರಿ ಕೆಲಸದ ಹೆಸರು ಕೇಳಿದ್ದೀರಿ. ಸತು ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣು ನವಸಾಗರ ಸೇರಿಸಿ ಕಾಯಿಸಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಈ ಕಲೆಗೇ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಿಗೆಗಿಟ್ಟು ಪರೀಕ್ಷಿಸುತ್ತಾರೆ. ಅವರಿಗೆ ನಾಲಿಗೆ, ನಮ್ಮ ಉಸ್ತಾದರಿಗೆ ಹೆಬ್ಬೆರಳು!

ಇಂಜಿನ್ನಿನ ಮುಂಭಾಗದಲ್ಲಿ, ರೇಡಿಯೇಟರ್ ಕಡೆ ಇರುವುದು ಒಂದನೇ ಸಿಲಿಂಡರ್. ಅದರ ಪ್ಲಗ್ ಬಿಚ್ಚಿ ಉಸ್ತಾದರು ಹುಡುಗನ ಹೆಬ್ಬೆರಳನ್ನೇ ತೂತಿನ ಮೇಲೆ ಒತ್ತಿಸಿದರು. ಕಾಯಿಲ್ ವೈರು ತೆಗೆದು, ಮುಂದಿನ ಬಂಪರಿನ ತೂತಿನಿಂದ ಹ್ಯಾಂಡಲ್ ಹಾಕಿ ಕಾಕಾ ಮೆಲ್ಲಗೆ ತಿರುಗಿಸಿದರು.

“ಬೆರಳ ನೂಕ್ತು ಉಸ್ತಾದ್!” ಹುಡುಗ ಕೂಗಿದ.

“ಹಾಂ, ಈಗ ನಿಧಾನ. ಪುಲ್ಲಿ ಮ್ಯಾಲಿನ ಗುರ್ತು ಮುಳ್ಳಿನ ಎದುರಿಗಿ ಬರ್ಲಿ... ಬಸ್! ಈಗ ಡೆಲ್ಕೋ ಮುಚ್ಚಳ ತಗಿ. ರೋಟರ್ ಯಾರ್ ಕಡಿ ನೋಡ್ಲತ್ತದ?”

ಒಂದನೇ ಪ್ಲಗ್ಗಿನ ವೈರಿನ ಕಡೆ ನೋಡಬೇಕಿದ್ದ ರೋಟರ್, ಸರಿಯಾಗಿ ಬೆನ್ನು ತಿರುಗಿಸಿ ನಾಲ್ಕನೆಯದರ ಕಡೆ ನೋಡುತ್ತಿತ್ತು! ಸಿಕ್ಕಿಬಿದ್ದ ವಿಲನ್!

ಇದೇನು ಮಾಯೆ ಅಂತೀರಾ? ಟಾಕೀಸಿನ ಲೆಕ್ಕದಲ್ಲೇ ಹೇಳ್ತೀನಿ. ಒಂದು ಆಟದಲ್ಲಿ ಹಾಲಿನ ದೀಪ ಎರಡು ಸಲ ಹತ್ತುತ್ತದೆ. ಇಂಟರ್‌ವಲ್ಲಿಗೆ ಒಮ್ಮೆ, ಚಿತ್ರ ಮುಗಿದಾಗ ಒಮ್ಮೆ. ದೀಪ ಹತ್ತಿದ್ದನ್ನಷ್ಟೇ ನೋಡಿ ಚಿತ್ರ ಮುಗಿಯಿತು ಅಂದರೆ? ಅರ್ಧ ಕಥೆಗೇ ಮನೆಗೆ ಹೋಗಬೇಕಾಗುತ್ತದೆ! ಇಂಜಿನ್ನಿನಲ್ಲೂ ಪಿಸ್ಟನ್ ಒಂದು ಪೂರ್ತಿ ಆಟಕ್ಕೆ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗಾಳಿ ಪೆಟ್ರೋಲನ್ನು ಅದುಮಲು, ಇನ್ನೊಮ್ಮೆ ಸುಟ್ಟ ಹೊಗೆಯನ್ನು ಹೊರಗೆ ನೂಕಲು. ಪುಲ್ಲಿಯ ಗುರುತು ಎರಡು ಸಲವೂ ಮುಳ್ಳಿನ ಎದುರಿಗೇ ಬಂದು ನಿಲ್ಲುತ್ತದೆ. ಕಿಡಿ ಹಾರಬೇಕಾದದ್ದು ಮೊದಲನೆಯದಕ್ಕೆ, ಅದುಮಿದ ಸಲಕ್ಕೆ.

ಒಂದು ಮತ್ತು ನಾಲ್ಕನೇ ಪಿಸ್ಟನ್ ಜೋಡೆತ್ತಿನ ಹಾಗೆ ಒಟ್ಟಿಗೇ ಏರಿಳಿಯುತ್ತವೆ. ಒಂದು ಅದುಮುವಾಗ ಇನ್ನೊಂದು ಹೊಗೆ ನೂಕುತ್ತಿರುತ್ತದೆ. ಇಂಜಿನ್ ಕೂಡಿಸಿದವರು ಪುಲ್ಲಿಯ ಗುರುತು ನೋಡಿದರು, ಯಾವ ಸಲದ ಗುರುತು ಎಂದು ನೋಡಲಿಲ್ಲ. ಡೆಲ್ಕೋ ತಿರುಗಿಸುವ ಗೇರು ಅರ್ಧ ಸುತ್ತು ಆಚೆ ಕೂತುಬಿಟ್ಟಿತು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಡೆಲ್ಕೋ ಸುತ್ತುವುದು ಒಂದೇ ಸುತ್ತು. ಕ್ರ್ಯಾಂಕಿನ ಒಂದು ಸುತ್ತಿನ ತಪ್ಪು ಇಲ್ಲಿ ಅರ್ಧ ಸುತ್ತು. ಹೊಗೆ ಹೋಗುವ ಹೊತ್ತಿಗೆ ಕಿಡಿ ಹಾರುತ್ತಿತ್ತು. ಆಗಷ್ಟೇ ತೆರೆಯುತ್ತಿದ್ದ ಒಳವಾಲ್ವಿನಿಂದ ಬೆಂಕಿ ಹಿಂದಕ್ಕೆ ನುಗ್ಗಿ ಕಾರ್ಬೊರೇಟರ್ ಕೆಮ್ಮುತ್ತಿತ್ತು. ಕಾಯಿಲ್ ಬದಲಾಯಿಸಿದರೆ, ಬ್ಯಾಟರಿ ಬದಲಾಯಿಸಿದರೆ ಆಗುವುದೇನು? ತಪ್ಪು ಹೊತ್ತಿನ ಕಿಡಿ ಇನ್ನೂ ಜೋರಾಗಿ ಹಾರುತ್ತದೆ, ಅಷ್ಟೆ!

“ನೂರು ಕೆಲಸ ಸರಿ ಮಾಡ್ಯಾರ, ಒಂದ್ ಸುತ್ತು ಮರ್ತಾರ” ಅಂದರು ಉಸ್ತಾದರು. “ಬೇಟಾ, ಇದರ ಫೈರಿಂಗ್ 1-3-4-2. ಒಂದರ ವೈರು ನಾಕಕ್ಕ ಹಾಕು, ನಾಕರದು ಒಂದಕ್ಕ. ಎರಡರದು ಮೂರಕ್ಕ, ಮೂರರದು ಎರಡಕ್ಕ.”

ಹುಡುಗ ನಡುಗುವ ಕೈಯಲ್ಲಿ ನಾಲ್ಕು ವೈರು ಬದಲಾಯಿಸಿದ. ಪೆಟ್ರೋಲಿನಲ್ಲಿ ತೊಯ್ದಿದ್ದ ಪ್ಲಗ್ಗುಗಳನ್ನು ಒರೆಸಿ ಬಿಸಿಲಿಗಿಟ್ಟು ಒಣಗಿಸಿದ್ದಾಯಿತು. ಅವನ್ನು ಹಾಕಿ, ಕಾಯಿಲ್ ವೈರು ಸಿಕ್ಕಿಸಿ, ಕಾಕಾ ದೇವರನ್ನು ನೆನೆದು ಸೆಲ್ಫ್ ಹೊಡೆದರು. ಒಂದು ಸಲ ಹತ್ತಿ ಆರಿತು. ಉಸ್ತಾದರು ಡೆಲ್ಕೋದ ಬೋಲ್ಟು ಸಡಿಲಿಸಿ ಒಂದು ಕೂದಲೆಳೆಯಷ್ಟು ತಿರುಗಿಸಿದರು. “ಹಾಂ, ಈಗ ಹೊಡಿ!”

ಹೊಡೆದರು. ಝುಂ...!

ಬೇವಿನ ಮರದ ಗುಬ್ಬಿಗಳೆಲ್ಲ ಹಾರಿದವು. ಬೀದಿಯ ಹುಡುಗರು ಸೀಟಿ ಹೊಡೆದರು. ಕಾಕಾ ಸ್ಟಿಯರಿಂಗ್ ಹಿಡಿದೇ ಕೂತಿದ್ದರು, ಇಳಿಯಲಿಲ್ಲ, ಮಾತೂ ಆಡಲಿಲ್ಲ. ಒಳಗಿನಿಂದ ಕಾಕು ಬಂದು ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟರು. ಯಾವ ನಿರ್ದೇಶಕ ಹೇಳಿಕೊಟ್ಟರೂ ಅಂಥ ಸೀನು ಬರುವುದಿಲ್ಲ, ಗೆಳೆಯರೇ!

ಮಾಂಜ್ರಾ ದಾಟಿ ಔರಾದಿಗೆ

ಅಲ್ಲಿಗೇ ಮುಗಿಯಲಿಲ್ಲ. ಉಸ್ತಾದರು ಗಾಡಿಯನ್ನು ಬೀದರಿಗೇ ತರಿಸಿದರು. ನಲವತ್ತರ ಮೇಲೆ ಮುಳ್ಳು ಏರಿಸಬಾರದು, ಎಳೆಯಲಾರದೆ ಒದ್ದಾಡುವ ಗೇರಿನಲ್ಲಿ ತುಳಿಯಬಾರದು ಎಂದು ಆಜ್ಞೆ. ಕಾಕಾ ಹೊಸ ಅಳಿಯನನ್ನು ಕರೆತರುವ ಹಾಗೆ ಮೆಲ್ಲಗೆ ಓಡಿಸಿದರು.

ಶನಿವಾರ ಮುಂಜಾನೆ ಇಂಜಿನ್ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಲೆಕ್ಕದ ಪ್ರಕಾರ ಬಿಗಿದು, ಟ್ಯಾಪೆಟ್ ನೋಡಿದರು. ಆಮೇಲೆ ಡೆಲ್ಕೋ ತೆಗೆದು, ಕೆಳಗಿನ ಗೇರಿಗೆ ಉದ್ದನೆಯ ಬೋಲ್ಟು ತಿರುಗಿಸಿ ಎತ್ತಿ, ಅರ್ಧ ಸುತ್ತು ತಿರುಗಿಸಿ ಸರಿಯಾಗಿ ಕೂಡಿಸಿದರು. ನಾಲ್ಕು ವೈರನ್ನೂ ಮೊದಲಿನ ಜಾಗಕ್ಕೇ ಹಾಕಿದರು. ಓಡುತ್ತಿತ್ತಲ್ಲ, ಇದೆಲ್ಲ ಯಾಕೆ ಎಂದು ನಾನು ಕೇಳಿದೆ.

“ನಾ ಇವತ್ತ ಇದ್ದೀನಿ, ನಾಳಿ ಇರಲ್ಲ. ಇನ್ನೊಬ್ಬ ಮಿಸ್ತ್ರಿ ಬಂದು ಪುಸ್ತಕ ನೋಡಿ ವೈರ್ ಹಾಕಿದ್ನಂದ್ರ ಗಾಡಿ ಮತ್ತ ನಿಂದ್ರತದ. ಮುಂದ ಬರಾವ್ನಿಗಿ ಮೋಸ ಆಗಬಾರ್ದು ತಮ್ಮಾ.”

ಭಾನುವಾರ ನಸುಕಿನಲ್ಲಿ ಹೊರಟೆವು. ಬೀದರಿನಿಂದ ಔರಾದಿಗೂ ನಲವತ್ತು ಕಿಲೋಮೀಟರಿನ ಮೇಲೆ ಚೂರು. ಜನವಾಡ ದಾಟಿ, ಕೌಠಾ ಬಳಿ ಮಾಂಜ್ರಾ ನದಿಯ ಸೇತುವೆ ಏರಿದಾಗ ಸೂರ್ಯ ಹುಟ್ಟುತ್ತಿದ್ದ. ಬೇಸಿಗೆಯ ನದಿ ಸಣ್ಣಗೆ ಹರಿಯುತ್ತಿತ್ತು. ಸಂತಪುರದಿಂದಾಚೆ ಕಣ್ಣು ಹಾಯುವಷ್ಟು ದೂರ ಎರೆನೆಲ. ಮಳೆ ಬಿದ್ದರೆ ತೊಗರಿ, ಉದ್ದು, ಸೋಯಾ. ದಾರಿಯಲ್ಲಿ ಕಪ್ಪು ಬಿಳಿ ಮಚ್ಚೆಯ ದೇವಣಿ ದನಗಳು ಎದುರಾದವು. ಅವಕ್ಕೂ ಹಾರ್ನ್ ಹೊಡೆಯದೆ ಕಾಕಾ ಗಾಡಿ ನಿಲ್ಲಿಸಿ ದಾರಿ ಬಿಟ್ಟರು. ಇಂಜಿನ್ ಒಂದೇ ಸಮ ಗುನುಗುತ್ತಿತ್ತು.

ಔರಾದಿನಲ್ಲಿ ಮೊದಲು ಅಮರೇಶ್ವರನಿಗೆ ಕೈಮುಗಿದೆವು. ಮಹಾರಾಷ್ಟ್ರದ ಮಗ್ಗುಲಿನ ಊರು. ಮಂಟಪದಲ್ಲಿ ಕನ್ನಡ ಮರಾಠಿ ಎರಡರಲ್ಲೂ ಬೀಗರ ಉಪಚಾರ. ಹೂವು ಹೊತ್ತ ಅಂಬಾಸಿಡರಿನಿಂದ ಮದುಮಗಳು ಇಳಿದಾಗ ಬ್ಯಾಂಡಿನವರು ಹಳೆ ಸಿನಿಮಾ ಹಾಡು ಬಾರಿಸಿದರು. ಆಕೆ ಮೊದಲು ಮುಟ್ಟಿ ನಮಸ್ಕಾರ ಮಾಡಿದ್ದು ಸೋದರಮಾವನ ಕಾಲಿಗೆ, ಆಮೇಲೆ ಗಾಡಿಯ ಬಾನೆಟ್ಟಿಗೆ.

ಊಟದ ಪಂಕ್ತಿಯಲ್ಲಿ ಕೂತಾಗಲೇ ಕಾಕಾರ ಫೋನು ಬಡಿಯಿತು. ಗುಜರಿ ವ್ಯಾಪಾರಿ! ನಾಳೆ ಲಾರಿ ಕಳಿಸಲೇ ಎಂದು ಕೇಳುತ್ತಿದ್ದ. ಕಾಕಾ ಹುಗ್ಗಿಯ ಕೈ ಎತ್ತಿ ಹಿಡಿದು, “ಇಲ್ಲಪ್ಪಾ, ಗಾಡಿ ಮಾರಂಗಿಲ್ಲ. ಮುಂದಿನ ತಿಂಗಳದು ಎರಡು ಮದುವಿ ಬುಕ್ ಆಗ್ಯಾವ” ಅಂದು ಫೋನಿಟ್ಟರು. ಸಾಲ ಇನ್ನೂ ಹಾಗೇ ಇದೆ, ನಿಜ. ಆದರೆ ತೀರಿಸುವ ಗಾಡಿಯೂ ಈಗ ನಿಂತ ಜಾಗದಿಂದ ಎದ್ದಿದೆ.

ಗೆಳೆಯರೇ, ನಿಮ್ಮಲ್ಲೂ ಅಪ್ಪನದೋ ಮಾಮನದೋ ಹಳೆ ಗಾಡಿ ಇರಬಹುದು, ಇಂಜಿನ್ ಕಟ್ಟಿಸಿ ತಂದ ಮೇಲೆ ಮೊಂಡು ಹಿಡಿದು ಕೂತಿರಬಹುದು. ಕೂಡಲೇ ಅಂಗಡಿಗೆ ಓಡಿ ಸಾಮಾನು ತರಬೇಡಿ. ಮೊದಲು ಯಾರು ಯಾರು ಕೈ ಹಾಕಿದರು, ಏನೇನು ಬಿಚ್ಚಿದರು ಎಂದು ಕೇಳಿ. ಹವಾ, ಪೆಟ್ರೋಲು, ದಮ್ಮು, ಕರೆಂಟು ಒಂದೊಂದಾಗಿ ಸಾಕ್ಷಿ ತೆಗೆದುಕೊಳ್ಳಿ. ನಾಲ್ಕೂ ಸರಿಯಿದ್ದೂ ಗಾಡಿ ಕೆಮ್ಮಿದರೆ ಟೈಮಿಂಗ್ ನೋಡಿ. ಪುಲ್ಲಿಯ ಗುರುತು ಒಂದನ್ನೇ ನಂಬಬೇಡಿ.

ಮದುವೆ ಮುಗಿಸಿ ವಾಪಸು ಬರುವಾಗ ಭಾಲ್ಕಿಯ ಆ ಹುಡುಗನ ಗ್ಯಾರೇಜಿಗೆ ಹೋಗಿದ್ದೆ. ಗೋಡೆ ತುಂಬ ನೆಚ್ಚಿನ ನಟರ ಪೋಸ್ಟರು. ಅವುಗಳ ನಡುವೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ 1-3-4-2 ಎಂದು ಬರೆದಿದ್ದ. ಅದರ ಕೆಳಗೆ ಇನ್ನೊಂದು ಸಾಲು: ‘ಮೊದಲು ಹೆಬ್ಬೆರಳು, ಆಮೇಲೆ ಪಾನಾ.’